ಓರಗಿತ್ತಿ ಹೇಳಿದ ಪುಸ್ತಕ

ಪೇಟೆಬೀದಿಯ ಆ ಕನ್ನಡಕದ ಅಂಗಡಿಗೆ ಜನ ಎರಡು ಕಾರಣಕ್ಕೆ ಬರುತ್ತಿದ್ದರು. ಒಂದು, ಕಣ್ಣು ತೋರಿಸುವುದಕ್ಕೆ. ಇನ್ನೊಂದು, ಕಣ್ಣು ಸರಿಹೋದ ಮೇಲೆ ಏನು ಓದಬೇಕು ಎಂದು ಕೇಳುವುದಕ್ಕೆ. ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, "ಇದು ಚೆನ್ನಾಗಿದೆಯಾ, ಮುಂಚಿಂದು ಚೆನ್ನಾಗಿತ್ತಾ?" ಎಂದು ಕೇಳುವ ಹೊತ್ತಿನಲ್ಲೇ ಅವಳು ಆ ಮನುಷ್ಯನ ಗಡಿಬಿಡಿ, ಬೇಸರ, ಹಟ ಎಲ್ಲವನ್ನೂ ಅಳೆದುಬಿಡುತ್ತಿದ್ದಳು. ಆಮೇಲೆ ಕಪಾಟಿನಿಂದ ಒಂದು ಪುಸ್ತಕ ತೆಗೆದು, "ಇದನ್ನ ಓದಿ. ಮೊದಲು ಸ್ವಲ್ಪ ಎಳೆಯುತ್ತೆ, ಬಿಡಬೇಡಿ" ಎನ್ನುತ್ತಿದ್ದಳು. ಕನ್ನಡಕ ಸರಿಬರದೆ ವಾಪಸ್ಸು ಬಂದವರುಂಟು, ಅವಳು ಕೊಟ್ಟ ಪುಸ್ತಕ ಸರಿಬರಲಿಲ್ಲ ಎಂದು ಬಂದವರಿಲ್ಲ. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಮಾತ್ರ ಎತ್ತಿರುತ್ತಿತ್ತು. ಅದರಡಿ ಬಗ್ಗಿ ಒಳಗೆ ಬರುವವರು ಓದುವವರು. ಬೇಕರಿಯವನು ಒಲೆಯ ಕೆಲಸ ಮುಗಿಸಿ, ಮೊಣಕೈಯವರೆಗೂ ಹಿಟ್ಟು ಮೆತ್ತಿಕೊಂಡೇ ಬರುತ್ತಿದ್ದ. ಹೈಸ್ಕೂಲಿನ ಲೆಕ್ಕದ ಮೇಡಂ ಓದಿದ ಪುಸ್ತಕಕ್ಕೆ ಅಂಕ ಕೊಡುತ್ತಿದ್ದರು, ಒಂದು ಪುಸ್ತಕಕ್ಕೂ ಎಂಬತ್ತು ದಾಟಿಸಿರಲಿಲ್ಲ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ಗಡಿಯಾರದಜ್ಜ ಎಲ್ಲರಿಗಿಂತ ಮೊದಲು ಬಂದು ಕನ್ನಡಿಯ ಪಕ್ಕದ ಕುರ್ಚಿ ಹಿಡಿಯುತ್ತಿದ್ದರು. ಇವರಲ್ಲಿ ಯಾರೂ ಪುಸ್ತಕದ ಹೆಸರು ಹೇಳುತ್ತಿರಲಿಲ್ಲ. "ಆ ಹಲ್ಲುನೋವಿನ ರಾಜನ ಪುಸ್ತಕ" ಎಂದರೆ ಸಾಕಾಗಿತ್ತು. ಬರೆದವರಿಗೂ ಅಷ್ಟೇ. ಒಬ್ಬ "ಎಲ್ಲರನ್ನೂ ಕೊನೆಗೆ ಕೊಲ್ಲೋನು", ಇನ್ನೊಬ್ಬಳು "ಮೋಡದ ಬಗ್ಗೆ ಎರಡು ಪುಟ ಬರೆಯೋಳು".

ಗಡಿಯಾರದಜ್ಜ ಹೊಗಳುವ ಜಾತಿಯಲ್ಲ. ಪುಸ್ತಕ ಹಿಡಿಸದಿದ್ದರೆ ಅದನ್ನು ಗಾಜಿನ ಕೌಂಟರ್ ಮೇಲೆ ಬೋರಲು ಹಾಕುತ್ತಿದ್ದರು. ಹಿಡಿಸಿದರೆ "ಪರವಾಗಿಲ್ಲ" ಎನ್ನುತ್ತಿದ್ದರು. ಆ ಒಂದು "ಪರವಾಗಿಲ್ಲ" ಸಿಕ್ಕಿದರೆ ಕನ್ನಡಕದಕ್ಕನಿಗೆ ಇಡೀ ವಾರ ಹೊಟ್ಟೆ ತುಂಬಿರುತ್ತಿತ್ತು. ಅಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜುವ ಅವಳ ಗಂಡನಿಗೆ ಇದೊಂದೂ ತಲೆಗೆ ಹೋಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳು ಅವನ ತಲೆದಿಂಬಿನ ಪಕ್ಕ ಪುಸ್ತಕ ಇಟ್ಟೂ ಇಟ್ಟೂ ಸೋತಿದ್ದಳು. ಅವನು ಅವುಗಳ ಮೇಲೆ ನೀರಿನ ಲೋಟ ಇಡುತ್ತಿದ್ದ.

ಹೀಗಿರುವಾಗ ಅವಳ ಮೈದುನನಿಗೆ ಆ ಊರಿಗೇ ವರ್ಗವಾಯಿತು. ಗಂಡ ಹೆಂಡತಿ ಎರಡು ಬೀದಿ ಆಚೆ ಮನೆ ಮಾಡಿದರು. ಓರಗಿತ್ತಿಗೆ ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ಒಳ್ಳೆಯ ಕಂಠ. ಅವಳು ಹೇಳಿದರೆ ತಡವಾದ ಬಸ್ಸಿನ ಮೇಲೂ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. "ಅಕ್ಕ, ನಾನೂ ಭಾನುವಾರ ಬರಲಾ? ನನಗೂ ಓದೋ ಹುಚ್ಚಿದೆ" ಎಂದು ಅವಳು ಕೇಳಿದಾಗ ಕನ್ನಡಕದಕ್ಕನಿಗೆ ನಿಜವಾಗಿಯೂ ಖುಷಿಯಾಯಿತು. ತಾನೇ ಮುಂದೆ ನಿಂತು ಓದಿಸಿ ಇವಳನ್ನು ತಯಾರು ಮಾಡಬೇಕು ಅಂದುಕೊಂಡಳು.

ಆ ವಾರ ಎಲ್ಲರೂ ಓದಬೇಕಾಗಿದ್ದುದು ಉಪ್ಪಿನ ಪುಸ್ತಕ. ಉಪ್ಪು ಮಾರುವ ಒಂದು ಮನೆತನದ ಮೂರು ತಲೆಮಾರಿನ ಕಥೆ. ಇಟ್ಟಿಗೆಯಷ್ಟು ದಪ್ಪ. ಕನ್ನಡಕದಕ್ಕನಿಗೆ ಅದು ಪ್ರಾಣ. ಅದರಲ್ಲೂ ಮಳೆ ಬರುವ ಮೊದಲು ಉಪ್ಪನ್ನು ದೋಣಿಗೆ ತುಂಬುವ ಭಾಗ ಅವಳಿಗೆ ಹೆಚ್ಚುಕಡಿಮೆ ಬಾಯಿಪಾಠ. ಬೇಕರಿಯವನು "ಭಾರೀ ಪುಸ್ತಕ ಅಕ್ಕ, ಭಾರೀ" ಎಂದ. ಮೇಡಂ ಎಪ್ಪತ್ತೆರಡು ಕೊಟ್ಟರು. ಅಜ್ಜ ಸ್ವಲ್ಪ ತಡೆದು "ಪರವಾಗಿಲ್ಲ" ಎಂದರು. ಕನ್ನಡಕದಕ್ಕನ ಮುಖ ಅರಳಿತು. ಅದೇ ಖುಷಿಯಲ್ಲಿ ಓರಗಿತ್ತಿಯ ಕಡೆ ತಿರುಗಿದಳು.

"ನಿನಗೆ ಹೇಗನ್ನಿಸ್ತು, ಹೇಳೇ."

"ನಾನು ಬಿಟ್ಟುಬಿಟ್ಟೆ ಅಕ್ಕ."

"ಬಿಟ್ಟೆ ಅಂದ್ರೆ?"

"ಓದೋದು ಬಿಟ್ಟೆ. ಅಜ್ಜ ಸತ್ತ, ಅಪ್ಪ ಉಪ್ಪು ಮಾರಿದ, ಅಪ್ಪ ಸತ್ತ, ಮಗ ಉಪ್ಪು ಮಾರಿದ. ನನಗೆ ಬಾಯಾರಿಕೆ ಆಗಿಬಿಡ್ತು."

ಬೇಕರಿಯವನು ತೊಡೆ ತಟ್ಟಿಕೊಂಡು, "ಸತ್ಯ ಹೇಳ್ತೀನಿ, ನಾನೂ ಬಿಟ್ಟೆ!" ಎಂದುಬಿಟ್ಟ. ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡರು. ಗಡಿಯಾರದಜ್ಜನಂತೂ ಭುಜ ಕುಣಿಸಿಕೊಂಡು ನಕ್ಕರು. ಅವರ ನಗುವನ್ನು ಕನ್ನಡಕದಕ್ಕ ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ತಾನು ಎಷ್ಟು ಪುಸ್ತಕ ಕೊಟ್ಟರೂ ಹೊರಗೆ ಬರದ ನಗು, ಇವಳು ಒಂದು ಪುಸ್ತಕ ಓದದೆ ಹೋದದ್ದಕ್ಕೆ ಬಂತಲ್ಲ ಎಂದು ಅವಳ ಎದೆಯಲ್ಲಿ ಏನೋ ಚುರ್ ಎಂದಿತು.

ಅಷ್ಟಕ್ಕೇ ಮುಗಿಯಲಿಲ್ಲ. "ಹಾಗಾದ್ರೆ ನೀನು ಏನು ಓದಿದೆ ಹೇಳಮ್ಮಾ" ಎಂದು ಅಜ್ಜ ಕೇಳಿದರು. ಓರಗಿತ್ತಿ ಒಂದು ದೀಪಸ್ತಂಭದ ಕಥೆ ಹೇಳಿದಳು. ಗಂಡ ಸತ್ತದ್ದನ್ನು ಯಾರಿಗೂ ತಿಳಿಸದೆ, ಅವನ ಕೋಟು ತೊಟ್ಟು ದೀಪ ಹಚ್ಚುತ್ತಾ ಹೋದ ಹೆಂಗಸಿನ ಕಥೆ. ಅವಳು ಕೈಯಾಡಿಸುತ್ತಾ ಹೇಳುತ್ತಿದ್ದರೆ ಬೇಕರಿಯವನ ಬಾಯಿ ತೆರೆದದ್ದು ತೆರೆದೇ ಇತ್ತು. ಸರಿಯಾಗಿ ಒಂದು ದೋಣಿ ದಡಕ್ಕೆ ಬರುವ ಹೊತ್ತಿಗೆ ನಿಲ್ಲಿಸಿ, "ಮುಂದೆ ನೀವೇ ಓದ್ಕೊಳ್ಳಿ" ಎಂದಳು. ಆ ಪುಸ್ತಕ ಮೊದಲು ಯಾರಿಗೆ ಎಂದು ಬೇಕರಿಯವನಿಗೂ ಮೇಡಂಗೂ ಜಗಳವೇ ಆಯಿತು.

ಅಂದಿನಿಂದ ಕನ್ನಡಕದಕ್ಕನ ಕಿವಿ ಬೇಡದ್ದನ್ನೆಲ್ಲ ಹೆಕ್ಕತೊಡಗಿತು. ಕನ್ನಡಕ ಕೊಳ್ಳಲು ಬಂದ ಒಬ್ಬಾಕೆ ಚೌಕಟ್ಟು ಆರಿಸುತ್ತಾ, "ಬಸ್‌ಸ್ಟಾಂಡಲ್ಲಿ ಮೈಕಲ್ಲಿ ಹೇಳ್ತಾರಲ್ಲ, ಅವರು ನಿಮ್ಮ ಓರಗಿತ್ತಿಯಂತೆ? ಎಂಥಾ ಪುಸ್ತಕ ಹೇಳಿದ್ರು ಗೊತ್ತಾ ನನಗೆ!" ಎಂದಳು. ಕನ್ನಡಕದಕ್ಕ ನಕ್ಕು, ಅವಳ ಮೂಗಿನ ಮೇಲೆ ಚೌಕಟ್ಟನ್ನು ಕೊಂಚ ಜೋರಾಗಿಯೇ ಒತ್ತಿದಳು. ಬೇಕರಿಗೆ ಬ್ರೆಡ್ಡು ತರಲು ಹೋದರೆ ಗಲ್ಲಾಪೆಟ್ಟಿಗೆಯ ಪಕ್ಕ ದೀಪಸ್ತಂಭದ ಪುಸ್ತಕ ಹಿಟ್ಟಿನ ಬೆರಳಚ್ಚುಗಳನ್ನು ಹೊತ್ತು ಕೂತಿತ್ತು. ತಾನು ಕೊಟ್ಟ ಪುಸ್ತಕಗಳನ್ನು ಅವನು ಸದಾ ಚೊಕ್ಕವಾಗಿ ವಾಪಸ್ಸು ಕೊಡುತ್ತಿದ್ದ. ಎಷ್ಟು ಜೋಪಾನ ಮಾಡುತ್ತಾನೆ ಎಂದು ಅವಳು ಮೆಚ್ಚಿಕೊಂಡಿದ್ದಳು. ತೆರೆಯದೆಯೇ ಕೊಡುತ್ತಿದ್ದನೋ ಏನೋ ಎಂದು ಈಗ ಹೊಳೆಯಿತು.

ಒಂದು ಮಧ್ಯಾಹ್ನ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಸದ್ದು ನಿಂತುಹೋಯಿತು. ಕೆಟ್ಟಿತೇನೋ ಎಂದು ಅವಳು ಪರದೆ ಸರಿಸಿ ನೋಡಿದಳು. ಗಂಡ ಸ್ಟೂಲಿನ ಮೇಲೆ ಕಾಲು ಚಾಚಿ ಒಂದು ತೆಳ್ಳನೆಯ ಪುಸ್ತಕ ಹಿಡಿದು ಕಿಸಕ್ಕನೆ ನಗುತ್ತಿದ್ದ.

"ಏನ್ರೀ ಅದು?"

"ಪುಸ್ತಕ ಕಣೇ."

"ಕಾಣುತ್ತೆ. ಯಾರು ಕೊಟ್ಟಿದ್ದು?"

"ನಿನ್ನ ಓರಗಿತ್ತಿ. ಒಬ್ಬ ಕಳ್ಳ ತಾನು ಕದ್ದ ಮನೆಯಲ್ಲೇ ಬಾಡಿಗೆಗೆ ಇರ್ತಾನೆ. ಭಾವ, ನಿಮಗೆ ಇದು ಹಿಡಿಸುತ್ತೆ ಅಂದ್ಲು. ಹಿಡಿಸೇಬಿಟ್ಟಿದೆ ನೋಡು!"

"ನಾನು ಕೊಟ್ಟಿದ್ದು ಒಂದೂ ಹಿಡಿಸಲಿಲ್ಲ ಅಲ್ವಾ ನಿಮಗೆ?"

ಗಂಡ ತಲೆ ಎತ್ತಿದ. ಅವನು ಸುಳ್ಳು ಹೇಳಲು ಬಾರದ ಮನುಷ್ಯ. "ನೀನು ಕೊಡೋವಾಗ ಪರೀಕ್ಷೆಗೆ ಕೂರಿಸಿದ ಹಾಗೆ ಇರುತ್ತೆ ಕಣೇ. ಅವಳು ಬಿಸ್ಕತ್ತು ಕೊಟ್ಟ ಹಾಗೆ ಕೊಟ್ಲು" ಎಂದ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ಯಂತ್ರ ಶುರು ಮಾಡಿದ. ಅವಳು ಹೊರಬಂದು, ಒರೆಸಿದ ಕನ್ನಡಿಗಳನ್ನೇ ಮತ್ತೆ ಒರೆಸಿದಳು. ಅವನು ಪರಹೆಂಗಸಿಗೆ ಸೀರೆ ತಂದುಕೊಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವಳು ದೀಪಸ್ತಂಭದ ಪುಸ್ತಕವನ್ನು ಬೇಕರಿಯವನಿಂದ ಇಸಿದುಕೊಂಡಳು. ಎಲ್ಲೆಲ್ಲಿ ಜೊಳ್ಳಿದೆ ಎಂದು ಗುರುತು ಮಾಡಿಕೊಳ್ಳಬೇಕು ಎಂದೇ ಪೆನ್ಸಿಲ್ ಹಿಡಿದು ಕೂತಳು. ಮೊದಲ ಪುಟಗಳಲ್ಲಿ ಒಂದೆರಡು ಗೆರೆ ಎಳೆದಳು. ಆಮೇಲೆ ಪೆನ್ಸಿಲ್ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಸತ್ತ ಗಂಡನ ಕೋಟಿನ ಗುಂಡಿ ಕಿತ್ತುಬಂದಾಗ ಆ ಹೆಂಗಸು ಅದನ್ನು ಹೊಲಿಯಲಾರದೆ ಕೂರುವ ಕಡೆ ಕನ್ನಡಕದಕ್ಕ ಗಳಗಳ ಅತ್ತಳು. ಮುಖ ತೊಳೆದು, ಕೆಂಪಾದ ಕಣ್ಣಿಗೆ ತಣ್ಣೀರು ಹಾಕಿಕೊಂಡು, ಪುಸ್ತಕ ಮುಚ್ಚಿದಳು. ಇಂಥದ್ದು ತನ್ನ ಕೈಗೆ ಮೊದಲು ಯಾಕೆ ಸಿಗಲಿಲ್ಲ ಎಂದು ಅವಳಿಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ತಾನು ಕೊಟ್ಟಿದ್ದರೆ ಅಜ್ಜ ಏನನ್ನುತ್ತಿದ್ದರೋ!

ಭಾನುವಾರ ಎಲ್ಲರೂ ಕೇಳಿದಾಗ ಅವಳು ಕನ್ನಡಕದ ಗಾಜು ಒರೆಸುತ್ತಾ, "ಓದಿಸಿಕೊಂಡು ಹೋಗುತ್ತೆ. ಆದರೆ ತೆಳು. ಅಳಿಸಬೇಕು ಅಂತಲೇ ಬರೆದಿರೋದು" ಎಂದಳು. ಪುಸ್ತಕವೊಂದರ ಬಗ್ಗೆ ಅವಳು ಸುಳ್ಳು ಹೇಳಿದ್ದು ಅದೇ ಮೊದಲು. ನಾಲಿಗೆ ಕಹಿಯಾಯಿತು. ಓರಗಿತ್ತಿ ಮಾತ್ರ ವಾದಕ್ಕೆ ಬರಲಿಲ್ಲ. "ಇರಬಹುದು ಅಕ್ಕ" ಎಂದು ಸುಮ್ಮನಾದಳು. ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು, ಹಾಗೆ ಸುಮ್ಮನಿದ್ದದ್ದು ಇನ್ನಷ್ಟು ಉರಿಸಿತು.

ಅದೇ ಹೊತ್ತಿಗೆ ಲೆಕ್ಕದ ಮೇಡಂ ಚೀಲದಿಂದ ಒಂದು ಪುಸ್ತಕ ತೆಗೆದರು. ಗಂಟೆ ಎರಕ ಹೊಯ್ಯುವವನೊಬ್ಬನ ಮಗಳ ಕಥೆ. ಓರಗಿತ್ತಿ ಹೇಳಿ ಕೊಟ್ಟದ್ದೇ. "ಅರ್ಧಕ್ಕೆ ಬಂದಿದೀನಿ. ಇದಕ್ಕೆ ಎಂಬತ್ತೈದು ಕೊಡೋ ಹಾಗೆ ಕಾಣ್ತಿದೆ" ಎಂದು ಮೇಡಂ ನಾಚಿಕೊಂಡಂತೆ ಹೇಳಿದರು.

ಕನ್ನಡಕದಕ್ಕನಿಗೆ ಆ ಪುಸ್ತಕ ಗೊತ್ತಿತ್ತು. ಓರಗಿತ್ತಿ ಅದನ್ನು ಗ್ರಂಥಾಲಯದಿಂದ ತಂದ ಮಾರನೆಯ ದಿನವೇ ಮೇಡಂ ಕೈಗೆ ಕೊಟ್ಟದ್ದೂ ಗೊತ್ತಿತ್ತು. ಒಂದೇ ದಿನದಲ್ಲಿ ಓದಿರಲಾರಳು, ಸಿಕ್ಕಿಬಿದ್ದಳು ಅಂದುಕೊಂಡಳು.

"ಹೌದೇನೇ, ಅಷ್ಟು ಹೊಗಳಿ ಕೊಟ್ಟಿದೀಯಲ್ಲ, ಆ ಹುಡುಗಿ ಕೊನೆಗೆ ಏನಾಗ್ತಾಳೆ ಹೇಳು ನೋಡೋಣ?"

"ನನಗೇನು ಗೊತ್ತು ಅಕ್ಕ! ನಾನು ಅಷ್ಟು ದೂರ ಓದಿಲ್ಲ."

"ಓದದೆ ಇರೋ ಪುಸ್ತಕ ಓದಿ ಅಂತ ಊರಿಗೆಲ್ಲ ಹಂಚ್ತೀಯಾ?"

"ಅಯ್ಯೋ, ಅವರು ಹಾಗೇ ಹೇಳಿಯೇ ಕೊಟ್ಟಿದ್ದು" ಎಂದರು ಮೇಡಂ ನಗುತ್ತಾ. "ಶುರು ಸಕತ್ತಾಗಿದೆ ಮೇಡಂ, ನನಗೆ ಡ್ಯೂಟಿ ಜಾಸ್ತಿ, ನೀವು ಮುಗಿಸಿ ನನಗೆ ಹೇಳಿ ಅಂದ್ರು. ಇಬ್ಬರೂ ಸೇರಿ ಓದ್ತಿದೀವಿ ಅನ್ನಿ."

ಎಲ್ಲರೂ ನಕ್ಕರು. ಅಜ್ಜ ಕೂಡ. ಆ ನಗು ಕನ್ನಡಕದಕ್ಕನ ನೆತ್ತಿಗೇರಿತು. "ಹಾಗಾದ್ರೆ ನಾನೇ ಹೇಳ್ತೀನಿ ಕೇಳಿ. ಸಾಯ್ತಾಳೆ. ದೊಡ್ಡ ಗಂಟೆ ಬಿರುಕು ಬಿಡುತ್ತೆ, ಅದರ ಜೊತೆ ಅವಳೂ ಸಾಯ್ತಾಳೆ. ಇನ್ನು ಯಾರೂ ಕಷ್ಟಪಟ್ಟು ಓದಬೇಕಾಗಿಲ್ಲ" ಎಂದುಬಿಟ್ಟಳು.

ಲೆಕ್ಕದ ಮೇಡಂ ಪುಟದ ನಡುವೆ ಇಟ್ಟಿದ್ದ ಬೆರಳು ತೆಗೆದು, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಬೇಕರಿಯವನು ಕೈಮೇಲಿನ ಹಿಟ್ಟು ಕೆರೆಯತೊಡಗಿದ. "ಬರ್ತೀನಮ್ಮ" ಎಂದು ಅಜ್ಜ ಎದ್ದವರು, ಎಂದೂ ಇಲ್ಲದ್ದು, ಗೋಡೆ ಹಿಡಿದುಕೊಂಡು ಷಟರಿನ ಕಡೆ ನಡೆದರು. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಮುಂದಿನ ಭಾನುವಾರ ಮೇಡಂ ಬರಲಿಲ್ಲ. ಅಜ್ಜನೂ ಇಲ್ಲ. ಓರಗಿತ್ತಿಗೆ ಡ್ಯೂಟಿ. ಬೇಕರಿಯವನೊಬ್ಬ ಬಂದು, ಬಿಸಿ ಬನ್ನಿನ ಪೊಟ್ಟಣ ಇಟ್ಟು, ನಿಂತೇ ಎರಡು ಮಾತಾಡಿ ಹೋದ. ಹೋಗುವ ಮುಂಚೆ, ತಲೆ ಕೆರೆದುಕೊಂಡು, "ಅಜ್ಜನ ಮನೆಗೆ ನಿಮ್ಮ ಓರಗಿತ್ತಿ ಮಧ್ಯಾಹ್ನ ಹೋಗಿ ಬರ್ತಾರಂತಲ್ಲ? ಪುಸ್ತಕದ್ದೇ ಏನೋ ಇರಬೇಕು" ಎಂದ.

ಕನ್ನಡಕದಕ್ಕ ಬನ್ನಿನ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದಳು. ತನ್ನ ಅಂಗಡಿ ಬಿಟ್ಟು ಅಲ್ಲಿ ಬೇರೆ ಕೂಟ ಶುರುವಾಗಿದೆಯೇ? ಮೇಡಂ ಕೂಡ ಅಲ್ಲೇ ಹೋಗುತ್ತಿರಬಹುದೇ? ತನ್ನನ್ನು ಬಿಟ್ಟು ಎಲ್ಲರೂ ಅಜ್ಜನ ಸುತ್ತ ಕೂತು, ಓರಗಿತ್ತಿ ಕೈಯಾಡಿಸುತ್ತಾ ಕಥೆ ಹೇಳುತ್ತಾ, ಅಜ್ಜ ಭುಜ ಕುಣಿಸಿ ನಗುತ್ತಾ... ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಊಟವಾದ ಮೇಲೆ ಗಂಡನಿಗೆ "ಅಜ್ಜನ ಕನ್ನಡಕದ ಸ್ಕ್ರೂ ಸಡಿಲ ಆಗಿತ್ತು, ಬಿಗಿ ಮಾಡಿ ಬರ್ತೀನಿ" ಎಂದು ಹೇಳಿ ಹೊರಟಳು. ಕೈಯಲ್ಲಿ ಪುಟ್ಟ ಸ್ಕ್ರೂಡ್ರೈವರನ್ನೂ ಹಿಡಿದುಕೊಂಡಿದ್ದಳು, ಸುಳ್ಳಿಗೆ ಸಾಕ್ಷಿ ಇರಲಿ ಎಂದು.

ಅಜ್ಜನ ಮನೆ ಅವರ ಮುಚ್ಚಿದ ಅಂಗಡಿಯ ಮೇಲೆ. ಕಿರಿದಾದ ಮೆಟ್ಟಿಲು. ಅರ್ಧ ಹತ್ತುವಾಗಲೇ ಓರಗಿತ್ತಿಯ ದನಿ ಕೇಳಿತು. ಅದು ಮಾತಿನ ದನಿಯಲ್ಲ, ಮೈಕಿನ ದನಿಯೂ ಅಲ್ಲ, ಓದುವ ದನಿ. ಕನ್ನಡಕದಕ್ಕ ಗೋಡೆಗೆ ಒರಗಿ ನಿಂತಳು. ನಾಲ್ಕು ಸಾಲು ಕೇಳುವಷ್ಟರಲ್ಲಿ ಮೈ ಜುಮ್ಮೆಂದಿತು. ಅದು ಉಪ್ಪಿನ ಪುಸ್ತಕ. ತನ್ನ ಪುಸ್ತಕ!

ಓದು ಮುಂದುವರಿಯಿತು. ಮುದುಕ ವ್ಯಾಪಾರಿ ಆಕಾಶ ನೋಡುತ್ತಾನೆ. ಮೋಡ ಕಟ್ಟುತ್ತಿದೆ. ಆಳುಗಳನ್ನು ಕೂಗುತ್ತಾನೆ. ಇನ್ನು ದೋಣಿ ತುಂಬುವ ಭಾಗ ಬರಬೇಕು. ಕನ್ನಡಕದಕ್ಕ ಕಣ್ಣು ಮುಚ್ಚಿ ಕಾದಳು. ಪುಟ ಮಗುಚಿದ ಸದ್ದಾಯಿತು. ಒಂದಲ್ಲ, ಪರಪರನೆ ಹತ್ತಾರು. "ಮಾರನೆಯ ವರ್ಷ ಮಗಳ ಮದುವೆ ಗೊತ್ತಾಯಿತು" ಎಂದು ಓರಗಿತ್ತಿ ಓದಿದಳು.

ಕನ್ನಡಕದಕ್ಕ ಮಿಕ್ಕ ಮೆಟ್ಟಿಲನ್ನು ಹೇಗೆ ಹತ್ತಿದಳೋ. ಬಾಗಿಲು ತಳ್ಳಿ, "ದೋಣಿ ಎಲ್ಲಿ ಹೋಯ್ತೇ?" ಎಂದು ಕೂಗಿದಳು.

ಓರಗಿತ್ತಿ ಬೆಚ್ಚಿ ಪುಸ್ತಕ ಕೆಳಗೆ ಹಾಕಿದಳು. ಕೋಣೆಯಲ್ಲಿ ಇದ್ದವರು ಇಬ್ಬರೇ. ಗೋಡೆಯ ತುಂಬ ನಿಂತುಹೋದ ಗಡಿಯಾರಗಳು, ಕಿಟಕಿಯ ಬಳಿ ಆರಾಮಕುರ್ಚಿಯಲ್ಲಿ ಅಜ್ಜ. ಅವರು ಬಾಗಿಲಿನ ಕಡೆ ಮುಖ ತಿರುಗಿಸಿದರು. ಆದರೆ ಅವಳನ್ನು ನೇರ ನೋಡದೆ, ಅವಳ ಭುಜದ ಪಕ್ಕಕ್ಕೆ ನೋಡಿದರು. ಕಣ್ಣಿನ ಕೆಲಸ ಮಾಡುವವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ನೋಟದ ನಡುಭಾಗ ಹೋದವರು ಹಾಗೆ ಅಂಚಿನಿಂದ ನೋಡುತ್ತಾರೆ.

"ಎಷ್ಟು ದಿನದಿಂದ ಅಜ್ಜಾ?" ಎಂದಳು.

"ತಿಂಗಳುಗಳೇ ಆಯ್ತಮ್ಮಾ. ಮುಖ ನೋಡಿದ್ರೆ ಮೂಗಿನ ಜಾಗದಲ್ಲಿ ಮಸಿ. ಅಕ್ಷರ ನೋಡಿದ್ರೆ ಇರುವೆ ಸಾಲು ಕಲಸಿದ ಹಾಗೆ."

"ನನ್ನ ಹತ್ರ ಯಾಕೆ ಬರಲಿಲ್ಲ?"

"ಬಂದ್ರೆ ಆ ಕುರ್ಚಿ ಮೇಲೆ ಕೂರಿಸಿ ಅಕ್ಷರ ಓದು ಅಂತೀಯ. ಆಗಲ್ಲ ಅಂದ್ರೆ ನೀನು ಪುಸ್ತಕ ಕೊಡೋದು ನಿಲ್ಲಿಸ್ತೀಯ. ನನಗೆ ಉಳಿದಿದ್ದು ಆ ಭಾನುವಾರ ಒಂದೇ." ಅಜ್ಜ ಕುರ್ಚಿಯ ತೋಳು ಸವರಿದರು. "ನಿನ್ನ ಉಪ್ಪಿನ ಪುಸ್ತಕಾನೂ ಓದಿರಲಿಲ್ಲ. ಓದದೆ ಪರವಾಗಿಲ್ಲ ಅಂದುಬಿಟ್ಟೆ. ಅದು ಒಳಗೆ ಕೊರೀತಾನೇ ಇತ್ತು. ಅದಕ್ಕೇ ಈ ತಾಯಿನ ಕಾಡಿ ಓದಿಸ್ತಿದೀನಿ."

"ಇವಳಿಗೆ ಹೇಗೆ ಗೊತ್ತಾಯ್ತು?"

"ಬಸ್‌ಸ್ಟಾಂಡಲ್ಲಿ ಬೋರ್ಡ್ ಓದಕ್ಕಾಗದೆ ನನ್ನ ಕಿಟಕಿಗೆ ಬಂದು ಕೇಳಿದ್ರು ಅಕ್ಕ" ಎಂದಳು ಓರಗಿತ್ತಿ. "ಯಾರಿಗೂ ಹೇಳಬೇಡ ಅಂತ ಮಾತು ತಗೊಂಡ್ರು. ನಿಮಗೆ ಹೇಳೋಣ ಅಂತ ಎಷ್ಟು ಸಲ ಅನ್ನಿಸ್ತು..."

ಕನ್ನಡಕದಕ್ಕನಿಗೆ ಅಜ್ಜನ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿತು ಕೂಡ, ಆದರೆ ಎರಡನೆಯದಾಗಿ. ಮೊದಲು ಮನಸ್ಸಿಗೆ ಬಂದದ್ದು, ಅವರು ನನಗೆ ಹೇಳದೆ ಇವಳಿಗೆ ಹೇಳಿದರಲ್ಲ ಎಂಬುದು. ಕಣ್ಣಿನ ಮಾತನ್ನೂ ನನ್ನ ಬಿಟ್ಟು ಇವಳಿಗೆ! ಹೀಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೆ ಅನ್ನಿಸಿದ್ದಂತೂ ಹೌದು. ಸುಮ್ಮನೆ ನಿಲ್ಲಲಾರದೆ ಕೆಳಗೆ ಬಿದ್ದ ಪುಸ್ತಕ ಎತ್ತಿಕೊಂಡಳು, ದೋಣಿಯ ಪುಟ ಹುಡುಕಿದಳು, ಸ್ಟೂಲು ಎಳೆದು ಕೂತು ತಾನೇ ಓದತೊಡಗಿದಳು.

ಮೂಟೆಗಳು ಕೈಯಿಂದ ಕೈಗೆ ಸಾಗುವುದು, ಮೊದಲ ಹನಿ ಬಿದ್ದಾಗ ಹೆಂಗಸರು ಸೆರಗು ಬಿಚ್ಚಿ ಉಪ್ಪಿಗೆ ಹೊದಿಸುವುದು, ಕೊನೆಯ ದೋಣಿ ಭಾರಕ್ಕೆ ವಾಲುವುದು. ಅವಳು ಓಡೋಡಿ ಓದುತ್ತಿದ್ದಳು. ಉಸಿರು ಸಾಲದೆ ತಪ್ಪು ಜಾಗದಲ್ಲಿ ನಿಲ್ಲಿಸುತ್ತಿದ್ದಳು.

"ಯಾಕಮ್ಮಾ ಅಷ್ಟು ಅವಸರ, ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದಾರಾ?" ಎಂದರು ಅಜ್ಜ.

ಅವಳ ಕಿವಿ ಬಿಸಿಯಾಯಿತು. ನಿಧಾನ ಮಾಡಿದಳು. ದೋಣಿ ಮುಳುಗದೆ ಆಚೆ ದಡ ಸೇರುವವರೆಗೂ ಓದಿ ನಿಲ್ಲಿಸಿದಳು. ಓರಗಿತ್ತಿ ಗಲ್ಲಕ್ಕೆ ಕೈ ಕೊಟ್ಟು ನೆಲದ ಮೇಲೆ ಕೂತಿದ್ದಳು.

"ಅಕ್ಕ, ನೀವು ಓದೋದು ಸ್ವಲ್ಪಾನೂ ಚೆನ್ನಾಗಿಲ್ಲ" ಎಂದಳು. "ಆದರೆ ದೋಣಿ ಚೆನ್ನಾಗಿದೆ. ನಾನು ಇಂಥದ್ದನ್ನ ಹಾರಿಸಿಬಿಟ್ಟಿದ್ದೆನಾ!"

ಅಜ್ಜ ಆಮೇಲೆ, "ಹೆಂಗಸರು ಸೆರಗು ಹೊದಿಸೋದು ಇನ್ನೊಂದು ಸಲ ಓದಿ. ಈ ಸಲ ಇವಳು ಓದಲಿ" ಎಂದರು. ಓರಗಿತ್ತಿ ಓದಿದಳು. ಅದೇ ಮಾತುಗಳು, ಆದರೆ ಈಗ ಮಳೆ ಕೋಣೆಯೊಳಗೇ ಬಿದ್ದಂತಿತ್ತು. ಕನ್ನಡಕದಕ್ಕನಿಗೆ ಒಳಗೊಳಗೇ ಉರಿಯಿತು. ಜೊತೆಗೆ, ತನಗೆ ಬಾಯಿಪಾಠವಾಗಿದ್ದ ಆ ಸಾಲುಗಳು ಇಷ್ಟು ಚೆನ್ನಾಗಿವೆಯೆಂದು ತನಗೇ ಗೊತ್ತಿರಲಿಲ್ಲವಲ್ಲ ಎಂದೂ ಅನ್ನಿಸಿತು.

ಕೆಳಗಿಳಿದು ಇಬ್ಬರೂ ಬೀದಿಗೆ ಬಂದರು. ಸ್ವಲ್ಪ ದೂರ ನಡೆದ ಮೇಲೆ ಕನ್ನಡಕದಕ್ಕ, "ಆ ದೀಪಸ್ತಂಭದ ಪುಸ್ತಕ ತೆಳು ಅಂದಿದ್ದೆನಲ್ಲ. ಸುಳ್ಳು ಕಣೇ. ಓದಿ ಅತ್ತುಬಿಟ್ಟಿದ್ದೆ" ಎಂದಳು.

"ಗೊತ್ತು ಅಕ್ಕ. ಭಾವ ಹೇಳಿದ್ರು."

"ಏನಂತ?"

"ನಿಮ್ಮಕ್ಕ ಬಚ್ಚಲಲ್ಲಿ ಕೂತು ಅಳ್ತಿದ್ಲು, ಆ ಪುಸ್ತಕದಲ್ಲಿ ಅಂಥದ್ದೇನಿದೆ ಅಂತ ಕೇಳಿದ್ರು. ಈಗ ಅವರೂ ಓದ್ತಿದಾರೆ."

"ಆ ಮನುಷ್ಯನಿಗೆ ಬಾಯಿಗೆ ಬೀಗ ಅನ್ನೋದೇ ಇಲ್ಲ!" ಎಂದು ಕನ್ನಡಕದಕ್ಕ ಸಿಡುಕಿದಳು. ಆಮೇಲೆ ನಗು ತಡೆಯಲಾಗದೆ ನಕ್ಕುಬಿಟ್ಟಳು.

ಅದೇ ವಾರ ಅವಳು ಅಜ್ಜನನ್ನು ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಹೋದ ನಡುನೋಟ ಮರಳಿ ಬರುವುದಿಲ್ಲ, ಅಂಚಿನದು ಉಳಿಯಬಹುದು, ನಡೆದಾಡಲು ತೊಂದರೆಯಿಲ್ಲ ಎಂದರು ವೈದ್ಯರು. ಅಜ್ಜ ತಲೆಯಾಡಿಸಿ, "ಪರವಾಗಿಲ್ಲ" ಎಂದರು. ಆ ಮಾತು ಅಂದು ಹೊಗಳಿಕೆಯಾಗಿರಲಿಲ್ಲ. ಕನ್ನಡಕದಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು.

ಲೆಕ್ಕದ ಮೇಡಂ ಬಳಿ ಹೋಗುವುದು ಅದಕ್ಕಿಂತ ಕಷ್ಟವಾಯಿತು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, ಮಕ್ಕಳ ಗಲಾಟೆಯ ನಡುವೆ, "ಮೇಡಂ, ಅವತ್ತು ನಾನು ಹಾಗೆ ಮಾಡಬಾರದಿತ್ತು. ಹೊಟ್ಟೆಕಿಚ್ಚು, ಬೇರೆ ಏನೂ ಅಲ್ಲ" ಎಂದಳು.

ಮೇಡಂ ಅವಳನ್ನು ಒಂದು ಕ್ಷಣ ನೋಡಿದರು. "ಒಂದು ವಾರ ಆ ಪುಸ್ತಕ ಮುಟ್ಟಲಿಲ್ಲ ನಾನು. ಅಷ್ಟು ಸಿಟ್ಟು ಬಂದಿತ್ತು ನಿಮ್ಮ ಮೇಲೆ. ಆಮೇಲೆ ಓದಿದೆ. ಸಾಯ್ತಾಳೆ ಅಂತ ಗೊತ್ತಿದ್ದಕ್ಕೆ ಅವಳು ನಕ್ಕಾಗೆಲ್ಲ ಜೀವ ಹಿಂಡಿಬಿಡ್ತು." ಸ್ವಲ್ಪ ತಡೆದು ಸೇರಿಸಿದರು, "ತೊಂಬತ್ತು ಕೊಟ್ಟಿದೀನಿ. ಆದರೆ ಇನ್ನೊಂದು ಸಲ ಕೊನೆ ಹೇಳಿದ್ರೆ ನಿಮ್ಮ ಅಂಗಡಿಗೆ ಕಾಲಿಡಲ್ಲ."

ಭಾನುವಾರದ ಕೂಟ ಅಜ್ಜನ ಕೋಣೆಗೆ ಬದಲಾಯಿತು. ಒಂದು ಅಧ್ಯಾಯ ಓರಗಿತ್ತಿ, ಒಂದು ಕನ್ನಡಕದಕ್ಕ. ಕನ್ನಡಕದಕ್ಕನ ಓದು ಸುಧಾರಿಸಿತು, ಆದರೆ ಓರಗಿತ್ತಿಯ ಮಟ್ಟಕ್ಕೆ ಬರಲಿಲ್ಲ. ಅವಳ ಸರದಿ ಬಂದಾಗ ಬೇಕರಿಯವನು ಬನ್ನು ಹಂಚಲು ಏಳುತ್ತಾನೆ ಎಂಬುದು ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಪುಸ್ತಕ ಮುಗಿದು, ಮುಂದೆ ಯಾವುದು ಎಂಬ ಮಾತು ಬಂದರೆ ಎಲ್ಲರ ಮುಖವೂ ಮೊದಲು ಓರಗಿತ್ತಿಯ ಕಡೆಗೇ ತಿರುಗುತ್ತಿತ್ತು. ಆಗ ಎದೆಯಲ್ಲಿ ಅದೇ ಹಳೆಯ ಉರಿ ಏಳುತ್ತಿತ್ತು. ಅದು ಹೋಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಅವಳು ಅದನ್ನು ನುಂಗಿಕೊಂಡು ಕೂರುವುದನ್ನು ಕಲಿತಳು, ಅಷ್ಟೇ.

ಒಂದು ಭಾನುವಾರ ಎಲ್ಲರೂ ಹೊರಟ ಮೇಲೆ ಇಬ್ಬರೇ ಬೀದಿಯಲ್ಲಿ ನಡೆಯುತ್ತಿದ್ದರು. ಬಿಸಿಲು ಏರಿತ್ತು. ಕನ್ನಡಕದಕ್ಕ ಅಂಗಡಿಸಾಲಿನ ನೆರಳಿನಲ್ಲಿ ನಿಂತು, ಎತ್ತಲೋ ನೋಡುತ್ತಾ, "ಎಲ್ಲರಿಗೂ ಹೇಳ್ತೀಯ. ನನಗೂ ಏನಾದ್ರೂ ಒಂದು ಹೇಳೇ" ಎಂದಳು. ಆ ಮಾತನ್ನು ಅವಳು ಬೇರೊಬ್ಬರಿಗೆ ಎಂದೂ ಆಡಿರಲಿಲ್ಲ.

ಓರಗಿತ್ತಿ ಅವಳ ಮುಖವನ್ನೇ ನೋಡುತ್ತಾ ನಿಂತಳು, ಆಮೇಲೆ ಹೆಗಲ ಚೀಲದಿಂದ ಒಂದು ಪುಸ್ತಕ ತೆಗೆದಳು. ದಪ್ಪ ಪುಸ್ತಕ, ಸಣ್ಣ ಅಕ್ಷರ.

"ಇದನ್ನ ಎರಡು ಸಲ ಶುರು ಮಾಡಿ ಎರಡು ಸಲ ಬಿಟ್ಟೆ ಅಕ್ಕ. ನನ್ನ ತಲೆಗೆ ಹತ್ತಲಿಲ್ಲ. ನಿಮಗೆ ಹತ್ತುತ್ತೆ. ಇಂಥದ್ದೆಲ್ಲ ನಿಮಗೆ ಹೇಗೆ ಹತ್ತುತ್ತೋ ಅಂತ ನನಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ?"

"ನಿನಗಾ?"

"ಮತ್ತೆ! ದೋಣಿ ನಿಮಗೆ ಕಂಡಿತು, ನನಗೆ ಕಾಣಲಿಲ್ಲ. ಅವತ್ತು ಮನೆಗೆ ಹೋಗಿ ನಿಮ್ಮ ಮೈದುನನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ."

ಕನ್ನಡಕದಕ್ಕ ಪುಸ್ತಕ ತೆಗೆದುಕೊಂಡು ಮನೆಯ ದಾರಿ ಹಿಡಿದಳು. ಅಂಗಡಿಯ ಮೂಲೆ ಮುಟ್ಟುವವರೆಗೂ ತಡೆಯಲಾಗಲಿಲ್ಲ, ನಡೆಯುತ್ತಲೇ ಮೊದಲ ಪುಟ ತೆರೆದಳು. ವಾಕ್ಯಗಳು ಉದ್ದ, ಒಂದಕ್ಕೊಂದು ಸಿಕ್ಕುಸಿಕ್ಕು. ನಿಧಾನವಾಗಿ ಬಿಡಿಸಿಕೊಂಡು ಓದಿದರೆ ಒಳಗೆ ಎಂಥದೋ ಬೆಳಕಿತ್ತು. ಎದುರಿಗೆ ಬಂದವರೊಬ್ಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇದು ಎಷ್ಟು ಚೆನ್ನಾಗಿದೆ ಎಂದು ನಾಳೆ ಓರಗಿತ್ತಿಗೆ ಹೇಗೆ ಹೇಳಲಿ, ಯಾವ ಸಾಲಿನಿಂದ ಶುರು ಮಾಡಿದರೆ ಅವಳಿಗೆ ಹೆಚ್ಚು ಉರಿಯುತ್ತದೆ ಎಂದು ಯೋಚಿಸುತ್ತಾ, ಅವಳು ಎರಡನೆಯ ಪುಟ ಮಗುಚಿದಳು.